ರಿಕ್ತಾಸನ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲಿ ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ ಎಂಬ ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಬೇಡದವರು ಬಾಗಿಲಲ್ಲೇ ಎದ್ದು ಹೋಗಲು ಅನುಕೂಲ. ಈ ಗ್ರಂಥಕ್ಕೆ ಅಧಿಕಾರಿ ಯಾರೆಂದರೆ: ಅಲಾಸ್ಕಾ ಕ್ರೂಸಿಗೆ ಕ್ಯಾಬಿನ್ ಹಿಡಿದು, ಸಿಯಾಟಲ್‌ನಲ್ಲಿರುವ ಮಗನಿಂದ "ಅಪ್ಪಾ, ಹಡಗು ನಿಲ್ಲೋ ಊರುಗಳಲ್ಲಿ ಏನೇನು ನೋಡ್ಬೇಕೋ ಈಗಲೇ ಬುಕ್ ಮಾಡ್ಬಿಡಿ" ಎಂದು ಹೇಳಿಸಿಕೊಂಡು, "ಅಲ್ಲಿಗೆ ಹೋದ್ಮೇಲೆ ನೋಡ್ಕೊಂಡ್ರಾಯ್ತು ಬಿಡೋ" ಎಂದು ಉತ್ತರಿಸಿ, ತಿಂಗಳುಗಟ್ಟಲೆ ಕಳೆದ ಮೇಲೆ ಸ್ಕ್ಯಾಗ್ವೇ ರೈಲು, ಜೂನೋ ಹೆಲಿಕಾಪ್ಟರು ಎರಡರ ಮುಂದೆಯೂ 'ಸೋಲ್ಡ್ ಔಟ್' ಎಂದು ಬರೆದಿರುವುದನ್ನು ಕಂಡ ಗೃಹಸ್ಥ. ವಿಷಯ, ಆ ಬರಹ. ಪ್ರಯೋಜನ, ಒಂದು ಸೀಟು. ಸಂಬಂಧ ಕಡಿದುಹೋಗದಂತೆ ನೋಡಿಕೊಳ್ಳುವುದು ಗ್ರಂಥಕರ್ತನ ಜವಾಬ್ದಾರಿಯಲ್ಲ.

ಉದಾಹರಣೆಗೊಬ್ಬ ಮನುಷ್ಯ ಬೇಕು. ನೈಯಾಯಿಕರು, ಮೀಮಾಂಸಕರು, ವೈಯಾಕರಣರು ಶತಮಾನಗಳಿಂದ ಸಂಬಳವಿಲ್ಲದೆ ದುಡಿಸಿಕೊಂಡ ದೇವದತ್ತನನ್ನೇ ಇಲ್ಲಿಯೂ ಕರೆಯೋಣ. ಅನ್ನ ಬೇಯಿಸಿದ್ದಾನೆ, ಊರಿಗೆ ಹೋಗಿದ್ದಾನೆ, ಹಸು ಹೊಡೆದುಕೊಂಡು ಬಂದಿದ್ದಾನೆ. ನಿವೃತ್ತಿಯಾದ ಮೇಲೆ ಒಂದು ಕ್ರೂಸ್ ಅವನಿಗೆ ಸಲ್ಲಬೇಕಾದದ್ದೇ. ಸದ್ಯ ಜಯನಗರ ನಾಲ್ಕನೇ ಬ್ಲಾಕಿನಲ್ಲಿದ್ದಾನೆ ಎಂದಿಟ್ಟುಕೊಳ್ಳೋಣ.

ಮೊದಲು ಇತಿಹಾಸ. ಅಲಾಸ್ಕಾ ಕಡೆ ಭರ್ತಿಯಾದ ಪ್ರವಾಸಕ್ಕೆ ಜನ ನುಗ್ಗಿದ್ದು ಇದೇ ಮೊದಲಲ್ಲ. 1896ರ ಆಗಸ್ಟ್ 16ರಂದು ಕೆನಡಾದ ಯುಕಾನ್ ಸೀಮೆಯ ಒಂದು ತೊರೆಯಲ್ಲಿ ಚಿನ್ನ ಸಿಕ್ಕಿತು. ಚಿನ್ನವನ್ನೂ ಸುದ್ದಿಯನ್ನೂ ಹೊತ್ತ 'ಪೋರ್ಟ್‌ಲ್ಯಾಂಡ್' ಹಡಗು ಸಿಯಾಟಲ್ ಮುಟ್ಟಿದ್ದು 1897ರ ಜುಲೈ 17ರಂದು. ಸುಮಾರು ಒಂದು ಲಕ್ಷ ಜನ ಹೊರಟರು. ಕೆನಡಾ ಗಡಿಯಲ್ಲಿ ಪೊಲೀಸರು ವರ್ಷಕ್ಕಾಗುವಷ್ಟು ದವಸ ತೋರಿಸದವರನ್ನು ಒಳಬಿಡಲಿಲ್ಲ; ಸರಂಜಾಮೆಲ್ಲ ಸೇರಿ ಹೆಚ್ಚುಕಡಿಮೆ ಒಂದು ಟನ್. ಅದನ್ನು ಕಂತುಕಂತಾಗಿ ಬೆನ್ನ ಮೇಲೆ ಹೊತ್ತು, ಹಿಮದ ಕಣಿವೆ ದಾಟಿ, 1898ರಲ್ಲಿ ಚಿನ್ನದ ಸೀಮೆಯ ಊರಾದ ಡಾಸನ್ ತಲುಪಿದವರಿಗೆ ಗೊತ್ತಾದದ್ದು, ಒಳ್ಳೆಯ ತೊರೆಗಳಿಗೆಲ್ಲ ಅಲ್ಲಿದ್ದವರು ಆಗಲೇ ಗೂಟ ಹೊಡೆದು ಮುಗಿಸಿದ್ದಾರೆ ಎಂದು. ಆ ಕಾಲದಲ್ಲಿ ರಿಫಂಡ್ ಪದ್ಧತಿ ಇರಲಿಲ್ಲ.

ಇವರ ಕಷ್ಟ ನೋಡಿ ಸ್ಕ್ಯಾಗ್ವೇಯಿಂದ ಬೆಟ್ಟಕ್ಕೆ ರೈಲು ಹಾಕಲು 1898ರಲ್ಲಿ ಶುರುಮಾಡಿದರು. ಹಳಿಗಳ ನಡುವೆ ಮೂರೇ ಅಡಿ ಅಂತರ. ಮೊದಲ 20 ಮೈಲಿಯಲ್ಲೇ ಸುಮಾರು 3,000 ಅಡಿ ಏರು. ಕೊನೆಯ ಮೊಳೆ ಹೊಡೆದದ್ದು 1900ರ ಜುಲೈ 29ಕ್ಕೆ. ಅಷ್ಟರಲ್ಲಿ ಚಿನ್ನದ ಗಲಾಟೆಯೇ ಮುಗಿದಿತ್ತು. ಯಾರಿಗಾಗಿ ಹಾಕಿದರೋ ಅವರು ಹತ್ತದ ಈ ವೈಟ್ ಪಾಸ್ ರೈಲಿನಲ್ಲಿ ಈಗ ಸೀಟಿಲ್ಲ. ಒಮ್ಮೆ, ಅದು ನೆಚ್ಚಿಕೊಂಡಿದ್ದ ಗಣಿಗಳು ಮುಚ್ಚಿ 1982ರಲ್ಲಿ ಓಡಾಟ ನಿಂತಿತ್ತು. ಪ್ರವಾಸಿಗರಿಗಾಗಿ ಮತ್ತೆ ಶುರುವಾದದ್ದು 1988ರಲ್ಲಿ. ನಡುವಿನ ವರ್ಷಗಳಲ್ಲಿ ಎಲ್ಲ ಸೀಟೂ ಖಾಲಿ ಇತ್ತು, ದೇವದತ್ತನಿಗೆ ರಜೆ ಇರಲಿಲ್ಲ.

ಇನ್ನು ಸಿದ್ಧಾಂತ. 'ಸೀಟಿಲ್ಲ' ಎಂದರೇನು? ಸಾಮಾನ್ಯ ಜನ ಇದನ್ನು ಒಂದು ಸತ್ಯವೆಂದು ತಿಳಿದು ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಾರೆ. ವೈಶೇಷಿಕರು ಹಾಗಲ್ಲ. 'ಇಲ್ಲ' ಎಂಬುದನ್ನೇ ಏಳನೆಯ ಪದಾರ್ಥವೆಂದು ಲೆಕ್ಕಕ್ಕೆ ತೆಗೆದುಕೊಂಡು, ಅಭಾವಕ್ಕೆ ನಾಲ್ಕು ಬಗೆ ಹೇಳಿದರು: ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ. ಇಂಥವರು ಯಾವ ಹಡಗು ಕಂಪನಿಯಲ್ಲೂ ಕೆಲಸಕ್ಕಿಲ್ಲದಿರುವುದೇ ಸದ್ಯದ ಗೊಂದಲಕ್ಕೆ ಕಾರಣ. ಕಂಪನಿ ನಾಲ್ಕಕ್ಕೂ ಒಂದೇ ಬೋರ್ಡು ಹಾಕುತ್ತದೆ. ಆ ಬೋರ್ಡು ಹೇಳುವುದು ಲೆಕ್ಕದ ಪುಸ್ತಕದ ಸ್ಥಿತಿಯನ್ನು. ರೈಲಿನೊಳಗಿನ ಸೀಟಿನ ಸ್ಥಿತಿಯನ್ನಲ್ಲ. ನಿಮ್ಮ ಮುಂದಿರುವ ಇಲ್ಲ ಯಾವ ಜಾತಿಯ ಇಲ್ಲ ಎಂದು ಕಂಡುಹಿಡಿದರೆ ಅರ್ಧ ಸೀಟು ಸಿಕ್ಕಂತೆ.

ಇಲ್ಲೊಬ್ಬ ಪೂರ್ವಪಕ್ಷಿ ಏಳುತ್ತಾನೆ: ಇಷ್ಟು ಬೇಡಿಕೆಯಿದ್ದರೆ ಇನ್ನಷ್ಟು ರೈಲು ಬಿಡಬಾರದೇ? ಅಯ್ಯಾ, ಹಳಿ ಬೆಟ್ಟದ ಅಂಚಿನಲ್ಲಿದೆ. ಸ್ಕ್ಯಾಗ್ವೇ ಸಾವಿರ ಚಿಲ್ಲರೆ ಜನರ ಊರು. ಬೇಸಿಗೆಯಲ್ಲಿ ಜೋರಿನ ದಿನ ಹಡಗುಗಳಿಂದ ಇಳಿಯುವವರು ಹತ್ತು ಸಾವಿರ ದಾಟುತ್ತಾರೆ. ಜೂನೋ ಅಲಾಸ್ಕಾದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಊರವರು ಸಾಕಪ್ಪಾ ಸಾಕು ಎಂದು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಮಿತಿ ಮಾಡಿಸಿದರು. 2026ರಿಂದ ದಿನಕ್ಕೆ 16,000 ಪ್ರಯಾಣಿಕರು, ಶನಿವಾರ 12,000 ಎಂದು ಇನ್ನೊಂದು ಮಿತಿ. ಊರಿನ ಜನಸಂಖ್ಯೆ ಇರುವುದೇ ಮೂವತ್ತು ಸಾವಿರದ ಆಸುಪಾಸು. ಅತಿಥಿಗಳ ಸಂಖ್ಯೆಗೆ ಕಾಗದದ ಮೇಲೆ ಮಿತಿ ಹಾಕಿಸಿದ ಈ ಊರನ್ನು ನಮ್ಮ ಕಲ್ಯಾಣಮಂಟಪಗಳ ಯಜಮಾನರು ಬಂದು ನೋಡಬೇಕು.

ಪ್ರಾಗಭಾವ ಸುಲಭ. ಮಡಕೆ ಆಗುವುದಕ್ಕೆ ಮುಂಚೆ ಮಣ್ಣಿನಲ್ಲಿ ಮಡಕೆ ಇಲ್ಲದಿರುವಂತೆ, ಇನ್ನೂ ಬಿಡುಗಡೆಯಾಗದ ಸೀಟು ಇಲ್ಲದಿರುವುದು. ಸ್ಥಳೀಯ ಪ್ರವಾಸ ನಡೆಸುವವರು ಒಂದೊಂದು ಹಡಗಿಗೆ ಇಷ್ಟಿಷ್ಟು ಎಂದು ಪಾಲು ಹಂಚುತ್ತಾರೆ. ಬೇಡಿಕೆ ನೋಡಿ ಇನ್ನೊಂದು ಬಸ್ಸು, ಇನ್ನೊಂದು ಹೊತ್ತು ಸೇರಿಸುವುದುಂಟು. ಇದಕ್ಕೆ ಔಷಧ, ದಿನಾ ನೋಡುವುದು. ಬೇಸಿಗೆಯಲ್ಲಿ ಸಿಯಾಟಲ್‌ನ ನಡುರಾತ್ರಿ ಎಂದರೆ ಜಯನಗರದಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಮೆರಿಕದವರು ಮಲಗಿರುವಾಗ ದೇವದತ್ತ ಎಚ್ಚರವಾಗಿರುತ್ತಾನೆ. ಪ್ರತಿಸ್ಪರ್ಧಿಗಳು ನಿದ್ದೆಯಲ್ಲಿರುವ ಇಂಥ ಅನುಕೂಲವನ್ನು ಹಗಲು ಧಾರಾವಾಹಿಗೆ ಬಿಟ್ಟುಕೊಟ್ಟವನಿಗೆ ಶಾಸ್ತ್ರ ಏನೂ ಮಾಡಲಾರದು.

ಶಾಸ್ತ್ರದ ತಿರುಳಿರುವುದು ಪ್ರಧ್ವಂಸಾಭಾವದಲ್ಲಿ. ಇದ್ದ ಸೀಟು ಮಾರಾಟವಾಗಿ ನಾಶವಾಯಿತು. ಒಡೆದ ಮಡಕೆ ಮತ್ತೆ ಹುಟ್ಟುವುದಿಲ್ಲ, ಈ ಅಭಾವಕ್ಕೆ ಆದಿಯುಂಟು ಅಂತ್ಯವಿಲ್ಲ ಎಂದು ಪ್ರಾಚೀನರ ಮತ. ಪ್ರಾಚೀನರು ಕ್ರೂಸಿಗೆ ಹೋದವರಲ್ಲ. ಒಡೆದದ್ದು ಮಡಕೆಯೇ ಅಲ್ಲ ಎಂದು ಈ ಲೇಖಕನ ವಾದ. ನಮ್ಮ ಸರ್ಕಾರಿ ಬಸ್ಸು ಸ್ಟ್ಯಾಂಡಿಗೆ ಬರುತ್ತಿದ್ದಂತೆ ಕಿಟಕಿಯಲ್ಲಿ ಕೈ ತೂರಿಸಿ ಸೀಟಿನ ಮೇಲೆ ಕರ್ಚೀಫು ಎಸೆಯುವುದಿಲ್ಲವೇ? ಆ ಬಸ್ಸು ಹೊರಗಿನಿಂದ ನೋಡಿದರೆ ಪೂರ್ತಿ ಭರ್ತಿ, ಒಳಗೆ ಒಬ್ಬ ನರಪಿಳ್ಳೆ ಇಲ್ಲ. ಹಡಗಿನ 'ಸೋಲ್ಡ್ ಔಟ್' ಬಹುಪಾಲು ಇದೇ. ಒಂದೇ ಮನೆಯವರು ಹಡಗಿನ ಮೂಲಕ ಹೆಲಿಕಾಪ್ಟರು, ಹೊರಗಿನವರ ಬಳಿ ಅದೇ ದಿನಕ್ಕೆ ತಿಮಿಂಗಿಲ ನೋಡುವ ದೋಣಿ, ಎರಡನ್ನೂ ಹಿಡಿದು "ಆಮೇಲೆ ಯಾವುದಾದ್ರೂ ಒಂದು ಬಿಟ್ರಾಯ್ತು" ಎಂದುಕೊಂಡಿರುತ್ತಾರೆ. ಬಿಡುವುದು ಯಾವಾಗ? ವೈರಾಗ್ಯ ಬಂದಾಗ ಅಲ್ಲ. ಸೂತ್ರ: ಗಡುವಿನ ಹಿಂದಿನ ರಾತ್ರಿ ವಿವೇಕೋದಯಃ.

ಭಾಷ್ಯ: ಗಡುವು ಎರಡು. ಮೊದಲನೆಯದು ಹೊರಡುವುದಕ್ಕೆ ಸುಮಾರು ಮೂರು ತಿಂಗಳಿರುವಾಗ ಕ್ಯಾಬಿನ್ನಿನ ಪೂರ್ತಿ ಹಣ ಕಟ್ಟಬೇಕಾದ ದಿನ. ಕಂಪನಿಗೊಂದು ಲೆಕ್ಕ, ಹೆಚ್ಚುಕಡಿಮೆ ಇರುತ್ತದೆ. ಆಗ ಕೆಲವರ ಉತ್ಸಾಹ ಇಳಿದು ಕ್ಯಾಬಿನ್ನೇ ರದ್ದಾಗುತ್ತದೆ, ಅದರ ಬಾಲದಲ್ಲಿದ್ದ ರೈಲು ಹೆಲಿಕಾಪ್ಟರುಗಳೂ ಉದುರುತ್ತವೆ. ಎರಡನೆಯದು ಊರು ಮುಟ್ಟುವ ಒಂದೆರಡು ದಿನ ಮುಂಚೆ, ಪೂರ್ತಿ ರಿಫಂಡ್ ಸಿಗುವ ಕೊನೆಯ ಗಳಿಗೆ. ಅಲ್ಲಿಯವರೆಗೆ ಎರಡೂ ಬೇಕು ಎಂದಿದ್ದವರಿಗೆ ಆ ಸಂಜೆ ಒಂದರ ಮೇಲೆ ಏಕಾಏಕಿ ಜಿಗುಪ್ಸೆ ಹುಟ್ಟುತ್ತದೆ. ಆ ಹೊತ್ತಿಗೆ ಹಡಗಿನ ಪ್ರವಾಸದ ಡೆಸ್ಕಿನ ಬಳಿ ಸುಳಿದಾಡುತ್ತಿದ್ದವನೇ ಪಂಡಿತ. ಹೀಗೆ ಹಿಡಿದ ಜಾಗವನ್ನು ಬಿಡುವುದು ಅಮೆರಿಕದ ಪ್ರವಾಸದಷ್ಟೇ ಹಳೆಯದು. 1867ರಲ್ಲಿ ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ಕಡೆಗೆ 'ಕ್ವೇಕರ್ ಸಿಟಿ' ಎಂಬ ಹಡಗಿನಲ್ಲಿ ವಿಹಾರಯಾತ್ರೆ ಹೊರಟಿತು, ತಲೆಗೆ 1,250 ಡಾಲರ್. ಹೆಸರಾಂತ ಪಾದ್ರಿ ಹೆನ್ರಿ ವಾರ್ಡ್ ಬೀಚರ್, ಜನರಲ್ ಶರ್ಮನ್ ಬರುತ್ತಾರೆ ಎಂದು ಡಂಗುರ ಹೊಡೆದರು. ಇಬ್ಬರೂ ಕೈಕೊಟ್ಟರು. ಪತ್ರಿಕೆಯ ಖರ್ಚಿನಲ್ಲಿ ಹತ್ತಿದ್ದ ಮಾರ್ಕ್ ಟ್ವೈನ್ ಮಾತ್ರ ಹೋಗಿಬಂದು ಪುಸ್ತಕ ಬರೆದ. ದೊಡ್ಡವರು ಬಿಟ್ಟ ಜಾಗವನ್ನು ಯಾರು ತುಂಬುತ್ತಾರೆಂದು ಹೇಳಲು ಬಾರದು.

ಹಾಗಾದರೆ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ ಸುಮ್ಮನಿದ್ದರೆ ಸಾಲದೇ? ಬರೆಸಬೇಕು, ಸುಮ್ಮನಿರಬಾರದು. ಸ್ಕ್ಯಾಗ್ವೇಯಲ್ಲೇ ಇದಕ್ಕೆ ಪೂರ್ವನಿದರ್ಶನವಿದೆ. ಚಿನ್ನದ ಕಾಲದಲ್ಲಿ ಸೋಪಿ ಸ್ಮಿತ್ ಎಂಬ ಮಹಾ ಠಕ್ಕ ಅಲ್ಲಿ ಟೆಲಿಗ್ರಾಫ್ ಆಫೀಸು ತೆರೆದಿದ್ದ ಎಂಬುದು ಇಂದಿಗೂ ಊರಿನ ಗೈಡುಗಳು ಚಪ್ಪರಿಸಿ ಹೇಳುವ ಕಥೆ. ಐದು ಡಾಲರ್ ಕೊಟ್ಟರೆ ಯಾವ ಊರಿಗೆ ಬೇಕಾದರೂ ಸಂದೇಶ ಹೋಗುತ್ತಿತ್ತು. ಉತ್ತರವೂ ಬರುತ್ತಿತ್ತು, ಅದಕ್ಕೆ ಬೇರೆ ದುಡ್ಡು. ತಂತಿ ಮಾತ್ರ ಗೋಡೆಯಾಚೆ ಹೋಗುತ್ತಿರಲಿಲ್ಲ, ಏಕೆಂದರೆ ಸ್ಕ್ಯಾಗ್ವೇಗೆ ಆಗ ತಂತಿಯೇ ಬಂದಿರಲಿಲ್ಲ. 1898ರ ಜುಲೈ 8ರಂದು ಸ್ಮಿತ್ ಹಡಗುಕಟ್ಟೆಯ ಮೇಲೆ ಗುಂಡೇಟಿಗೆ ಸತ್ತ. ಇಂದಿನ ವೇಟಿಂಗ್ ಲಿಸ್ಟುಗಳು ಹಾಗಲ್ಲ, ಪ್ರಾಮಾಣಿಕವಾದವು. ಆದರೂ "ನಿಮ್ಮ ಹೆಸರು ದಾಖಲಾಗಿದೆ" ಎಂಬ ಸಂದೇಶ ಬಂದಾಗಲೆಲ್ಲ ಗೋಡೆಯ ಆಚೆ ಒಮ್ಮೆ ಇಣುಕಿ ನೋಡುವುದು ಕ್ಷೇಮ. ಹಡಗು ಹತ್ತಿದ ದಿನ ಎಲ್ಲರೂ ಊಟದ ಕಡೆ ಓಡುತ್ತಾರೆ. ಡೆಸ್ಕಿನ ಕಡೆ ಓಡಿದವನ ಹೆಸರು ಅಲ್ಲಿ ಕೂತ ಹುಡುಗಿಗೆ ನೆನಪಿರುತ್ತದೆ.

ಸ್ವತಂತ್ರ ಮತದವರು ಹೇಳುವುದು ಬೇರೆ: ಹಡಗಿನ ಪಾಲು ಮುಗಿದರೇನು, ಊರಿನಲ್ಲಿ ಪ್ರವಾಸ ನಡೆಸುವವರ ಬಳಿ ನೇರವಾಗಿ ಕೇಳು. ಈ ಮತ ಬಹುಮಟ್ಟಿಗೆ ಸರಿ, ಅಗ್ಗವೂ ಹೌದು. ದೋಷ ಒಂದೇ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನೀನಾಗಿ ಹೋದದ್ದು ತಡವಾದರೆ ಹಡಗು ಹೊರಡುತ್ತದೆ. ಕಟ್ಟೆಯ ಮೇಲೆ ಓಡಿಬರುವವರನ್ನು ಬಾಲ್ಕನಿಯಿಂದ ಚಪ್ಪಾಳೆ ತಟ್ಟಿ ನೋಡುವುದು ಕ್ರೂಸಿನ ಉಚಿತ ಮನರಂಜನೆಗಳಲ್ಲೊಂದು.

ಜೂನೋದ ಹೆಲಿಕಾಪ್ಟರಿನ ವಿಚಾರ ತುಸು ಸೂಕ್ಷ್ಮ. ಅದು ಹಿಮನದಿಯ ಮೇಲಿನ, ಹಿಮಬಂಡಿ ಎಳೆಯುವ ನಾಯಿಗಳ ಶಿಬಿರಕ್ಕೆ ಕರೆದೊಯ್ಯುತ್ತದೆ. ಚಳಿಗಾಲದಲ್ಲಿ ಆಂಕರೇಜಿನಿಂದ ನೋಮ್‌ವರೆಗೆ ಸುಮಾರು 1,000 ಮೈಲಿಯ ಇಡಿಟರಾಡ್ ಪಂದ್ಯಕ್ಕೆ ತಯಾರಾಗುವ ನಾಯಿಗಳು ಬೇಸಿಗೆಯಲ್ಲಿ ಅಲ್ಲಿ ನಿವೃತ್ತರನ್ನು ಎಳೆಯುತ್ತವೆ. ಹೆಲಿಕಾಪ್ಟರಿನಲ್ಲಿ ಚಾಲಕನಲ್ಲದೆ ಹಿಡಿಸುವುದು ಆರು ಜನ, ಅದೂ ತೂಕ ನೋಡಿ. ಇಬ್ಬರ ಸೀಟಿನಲ್ಲಿ ಮೂರನೆಯವನಾಗಿ ಅಂಚಿಗೆ ಕೂತು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವ ನಮ್ಮ ನಾಡಿನ ಪ್ರಾಚೀನ ವಿದ್ಯೆ ಇಲ್ಲಿ ಕೆಲಸಕ್ಕೆ ಬಾರದು. ಸಾಮಾನ್ಯವಾಗಿ 250 ಪೌಂಡ್, ಎಂದರೆ 113 ಕೆಜಿ ಮೀರಿದರೆ ಹೆಚ್ಚಿನ ದುಡ್ಡು. ದೇವದತ್ತನ ದೇಹಸ್ಥಿತಿ ಮೀಮಾಂಸಕರಿಗೆ ಹೊಸತಲ್ಲ. ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬ ಅರ್ಥಾಪತ್ತಿಗೆ ಅವನೇ ಉದಾಹರಣೆ. ರಾತ್ರಿಯೂ ಬಫೆ ತೆರೆದಿರುವ ಹಡಗಿಗೆ ಅಂಥವನನ್ನು ಹತ್ತಿಸಿದ್ದೇ ತಪ್ಪು. ಆದರೆ ತೂಕದ ಈ ಲೆಕ್ಕಾಚಾರದಿಂದಲೇ ಕೆಲವೊಮ್ಮೆ ಒಂದು ಸೀಟು ಮಿಕ್ಕುತ್ತದೆ, ಅದು ಸಣಕಲು ಒಂಟಿ ಪ್ರಯಾಣಿಕನಿಗೆ ದಕ್ಕುತ್ತದೆ. ಈ ಅಧ್ಯಾಯ ದೇವದತ್ತನಿಗಲ್ಲ.

ಅತ್ಯಂತಾಭಾವಕ್ಕೆ ಹೆಚ್ಚು ಮಾತು ಬೇಡ. ವಾಯುವಿನಲ್ಲಿ ರೂಪವಿಲ್ಲ ಎಂಬುದು ಶಾಸ್ತ್ರದ ಉದಾಹರಣೆ. ಜೂನೋದಲ್ಲಿ ಮಂಜು ಕವಿದ ದಿನ ವಾಯುವಿನಲ್ಲಿ ಹೆಲಿಕಾಪ್ಟರೂ ಇಲ್ಲ. ವರ್ಷ ಮುಂಚೆ ಬುಕ್ ಮಾಡಿದವನೂ ನಿನ್ನೆ ಕಾಡಿಬೇಡಿ ಪಡೆದವನೂ ದುಡ್ಡು ವಾಪಸು ತೆಗೆದುಕೊಂಡು ಒಂದೇ ಅಂಗಡಿಯ ಸೂರಿನಡಿ ನಿಂತು ಕಾಫಿ ಕುಡಿಯುತ್ತಾರೆ.

ಉಳಿದದ್ದು ಅನ್ಯೋನ್ಯಾಭಾವ. ಘಟ ಪಟವಲ್ಲ, ಪಟ ಘಟವಲ್ಲ. ಬೆಳಗಿನ ರೈಲು ಮಧ್ಯಾಹ್ನದ ರೈಲಲ್ಲ. ಖಾಲಿಯಾಗುವ ಸೀಟುಗಳು ಒಂದು ಇಲ್ಲಿ, ಒಂದು ಅಲ್ಲಿ ಎಂಬಂತೆ ಒಂಟಿಯಾಗಿ ಸಿಗುವುದು ಹೆಚ್ಚು. ಸ್ಕ್ಯಾಗ್ವೇ ಮುಟ್ಟುವ ಹಿಂದಿನ ಸಂಜೆ ದೇವದತ್ತನಿಗೆ ಡೆಸ್ಕಿನಲ್ಲಿ ಸಿಕ್ಕಿದ್ದೂ ಹಾಗೆಯೇ: ಬೆಳಗಿನ ರೈಲಿನಲ್ಲಿ ಒಂದು, ಮಧ್ಯಾಹ್ನದ್ದರಲ್ಲಿ ಒಂದು. ಪಕ್ಕದಲ್ಲಿ ಆತನ ಧರ್ಮಪತ್ನಿ ನಿಂತಿದ್ದಳು. ಶಾಸ್ತ್ರಕಾರರು ಇಷ್ಟು ಶತಮಾನವಾದರೂ ಆಕೆಗೊಂದು ಹೆಸರಿಟ್ಟಿಲ್ಲ.

"ನೋಡೇ, ನೀನು ಬೆಳಿಗ್ಗೆ, ನಾನು ಮಧ್ಯಾಹ್ನವಂತೆ. ಇದ್ಯಾವ ಸೀಮೆ ಟ್ರಿಪ್ಪು? ಬೇಡ ಅಂದ್ಬಿಡ್ಲಾ?"

"ಅಯ್ಯೋ, ಬೇಡ ಯಾಕ್ರೀ? ಎರಡೂ ತಗೊಳ್ಳಿ. ಬೇಗ ತಗೊಳ್ಳಿ, ಹೋಗ್ಬಿಡತ್ತೆ."

ಈ ವಾಕ್ಯಕ್ಕೆ ವ್ಯಾಖ್ಯಾನಗಳು ಎರಡು. ಗಂಡನ ಆಸೆ ಈಡೇರಲೆಂದು ಒಂಟಿತನವನ್ನು ಒಪ್ಪಿಕೊಂಡ ಪತಿವ್ರತಾಧರ್ಮ ಇದು ಎಂದು ಪುರುಷ ಭಾಷ್ಯಕಾರರು. ನಿವೃತ್ತನಾದ ಗಂಡನ ಜೊತೆ ಮಂಚ ಸೋಫಾಗಳ ನಡುವೆ ಅಡ್ಡಡ್ಡ ನಡೆಯಬೇಕಾದ ಕ್ಯಾಬಿನ್ನಿನಲ್ಲಿ ದಿನಗಟ್ಟಲೆ ಕಳೆದವಳಿಗೆ, ಹೋಗಿಬರುವುದಕ್ಕೆ ಸುಮಾರು ಮೂರು ಗಂಟೆ ಹಿಡಿಯುವ ರೈಲು ಏನೆಂದು ಕಂಡಿರಬಹುದೆಂದು ಆಕೆಯ ತಂಗಿ. ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸುವಂತಿದ್ದ ಪುರಾವೆ ಅದೇ ರಾತ್ರಿ ಒಂಬತ್ತೂವರೆಗೆ ಬಂತು. ಮಧ್ಯಾಹ್ನದ ರೈಲಿನಲ್ಲಿ ಈಗ ಅಕ್ಕಪಕ್ಕದ ಎರಡು ಸೀಟು ಖಾಲಿಯಾಗಿದೆ, ಬೇಕೇ ಎಂದು ಡೆಸ್ಕಿನವರು ಕ್ಯಾಬಿನ್ನಿಗೆ ಫೋನ್ ಮಾಡಿದರು. ಅರ್ಥಾಪತ್ತಿಯ ಪ್ರಕಾರ ದೇವದತ್ತ ಆಗ ಮೇಲಿನ ಡೆಕ್ಕಿನಲ್ಲಿ ತಟ್ಟೆ ಹಿಡಿದು ನಿಂತಿದ್ದ. ಫೋನ್ ತೆಗೆದವಳು ಹೆಂಡತಿ. ಆಕೆ ಏನು ಉತ್ತರ ಕೊಟ್ಟಳೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲ. ಬೆಳಿಗ್ಗೆ ಒಬ್ಬಳೇ ರೈಲು ಹತ್ತಿದ್ದರಿಂದ ಊಹಿಸಿಕೊಳ್ಳಬೇಕು.