ಚಟ್ನಿಯ ಬಣ್ಣ

ಪೇಟೆಯ ಧಾರಣೆ ತಿಳಿಯಲು ನಾನು ಪತ್ರಿಕೆ ತೆರೆಯುವುದಿಲ್ಲ. ಇಡ್ಲಿ ಪಕ್ಕದ ಚಟ್ನಿ ನೋಡುತ್ತೇನೆ. ಬೆಳ್ಳಗಿದ್ದರೆ ಕಾಯಿ ಅಗ್ಗ. ಹಳದಿಗೆ ತಿರುಗಿದ್ದರೆ ಹುರಿಗಡಲೆಯ ಪಾಲು ಹೆಚ್ಚಿದೆ. ಕಂದು ಬಣ್ಣಕ್ಕೆ ಬಂತೆಂದರೆ ಕಡಲೆಕಾಯಿ ಬೀಜ ಅಧಿಕಾರ ಹಿಡಿದಿದೆ. 2025ರಲ್ಲಿ ಬೆಂಗಳೂರಿನ ಅಂಗಡಿಗಳು ತೆಂಗಿನಕಾಯಿಯನ್ನು ತಕ್ಕಡಿಗೆ ಹಾಕಿ ಕಿಲೋಗೆ 60–70 ರೂಪಾಯಿ ಕೇಳತೊಡಗಿದಾಗ ನಮ್ಮನೆ ಚಟ್ನಿ ತಿಂಗಳುಗಟ್ಟಲೆ ಕಂದಾಗಿಯೇ ಇತ್ತು. ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 25 ಸಾವಿರ ದಾಟಿತೆಂದು ಊರಿನ ನೆಂಟರು ಫೋನಿನಲ್ಲೇ ಹಿಗ್ಗಿದರು. ತೋಟ ಇದ್ದವರಿಗೆ ಹಬ್ಬ, ನಮಗೆ ಏಕಾದಶಿ.

ಬಿಳಿನೊಣ, ಕಪ್ಪುತಲೆ ಹುಳು, ಬಿಸಿಲು ಎಲ್ಲ ಸೇರಿ ಇಳುವರಿ ತಿಂದವು ಎನ್ನುತ್ತಾರೆ. ಎಳನೀರಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮದ್ದೂರಿನಿಂದ ಲಾರಿಗಟ್ಟಲೆ ಎಳನೀರು ಹೊರಟ ಮೇಲೆ ಮರದಲ್ಲಿ ಬಲಿಯಲು ಉಳಿಯುವುದೇನು? ನಮ್ಮ ಪಾರ್ಕಿನ ಗೆಳೆಯರು ವಾಕಿಂಗ್ ಮುಗಿಸಿ ಎಳನೀರು ಹೀರುತ್ತ, ಅದೇ ಬಾಯಲ್ಲಿ ಕಾಯಿ ದುಬಾರಿಯಾಯಿತೆಂದು ಸರ್ಕಾರವನ್ನು ಬಯ್ಯುತ್ತಾರೆ.

ದರ ಏರಿದಷ್ಟೂ ನಮ್ಮತ್ತೆಗೆ ಹುರುಪು. ಕರಟದ ಒಳಮೈ ನುಣ್ಣಗಾಗುವ ತನಕ ತುರಿಮಣೆ ಬಿಟ್ಟು ಏಳುವುದಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿ, ಕೋಲಾರದ ಮಂಡಿ ಟಿವಿಯಲ್ಲೇ ಬೀಡುಬಿಟ್ಟಿದ್ದಾಗ ಅವರು ಹುಣಸೆಹಣ್ಣು ನೆನೆಹಾಕಿ ತಮ್ಮ ಪಾಡಿಗೆ ತಾವಿದ್ದರು. ಟೊಮೆಟೊ ಬರುವ ಮೊದಲೂ ಈ ನಾಡಿನಲ್ಲಿ ಸಾರು ಇತ್ತಲ್ಲ. ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಯಲ್ಲಿ ಟೊಮೆಟೊಗೆ ಇಂದಿಗೂ ಪ್ರವೇಶವಿಲ್ಲ. ತೊಗರಿಬೇಳೆ ಏರಿದಾಗ ಹುರುಳಿ ಬಂತು: ಬೆಂದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ, ಒಂದು ಪಾವಿನಲ್ಲಿ ಎರಡು ಅಡುಗೆ. ಕಲಬುರಗಿ ಸೀಮೆಗೆ ಮಳೆ ಕೈಕೊಟ್ಟರೆ ತೊಗರಿಗಾಗಿ ಮೊಜಾಂಬಿಕ್, ಮ್ಯಾನ್ಮಾರ್‌ಗಳ ದಾರಿ ಕಾಯಬೇಕು. ಹುರುಳಿಗೆ ಹಡಗಿನ ಹಂಗಿಲ್ಲ. ಮೂರನೆಯ ದಿನವೂ ಅದೇ ಬಡಿಸಿದಾಗ ನಾನು ಮುಖ ಸಿಂಡರಿಸಿದ್ದು ಅವರ ಕಣ್ಣಿಗೆ ಬಿತ್ತು. “ಕುದುರೆಗೆ ಆಗುತ್ತೆ, ಅಳಿಯಂದಿರಿಗೆ ಆಗಲ್ವೇ?” ಎಂದರು.

ಮಗ ಉಳಿಸುವುದು ಮೊಬೈಲಿನಲ್ಲಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಿಸಹೊರಟರೆ ಡೆಲಿವರಿ ಶುಲ್ಕ ತಪ್ಪಿಸಲೆಂದು ಚಿಪ್ಸ್, ಬಿಸ್ಕತ್ತು, ಯಾರೂ ಕೇಳದ ಒಂದು ಬಾಟಲಿ ಸಾಸ್ ಜೊತೆಗೂಡುತ್ತವೆ. ಬಿಲ್ಲಿನ ಕೊನೆಯಲ್ಲಿ ‘ನೀವು ಇಷ್ಟು ಉಳಿಸಿದ್ದೀರಿ’ ಎಂಬ ಅಭಿನಂದನೆ ಬೇರೆ. ಅತ್ತೆ ಒಮ್ಮೆ ಕನ್ನಡಕ ಏರಿಸಿ ಅದನ್ನು ಓದಿದವರೇ ಕೈಚಾಚಿದರು: “ಉಳಿಸಿದ್ದು ಎಲ್ಲಿದೆಯಪ್ಪ? ಕೊಡು, ಹಾಲಿನವನಿಗೆ ಕೊಡಬೇಕು.”

ಅವರ ಉಳಿತಾಯದಲ್ಲಿ ನನಗೆ ಅಚ್ಚುಮೆಚ್ಚಿನದು ಹೀರೇಕಾಯಿ ಸಿಪ್ಪೆಯ ಚಟ್ನಿ. ಏಣುಗಳನ್ನು ಹೆರೆದು, ಉದ್ದಿನಬೇಳೆ, ಹಸಿಮೆಣಸಿನಕಾಯಿಯ ಜೊತೆ ಚೂರು ಎಣ್ಣೆಯಲ್ಲಿ ಬಾಡಿಸಿ, ಹುಣಸೆ, ಚಿಟಿಕೆ ಬೆಲ್ಲ ಸೇರಿಸಿ ತರಿತರಿಯಾಗಿ ರುಬ್ಬಿದರೆ ಮುಗಿಯಿತು. ಕಾಯಿಯೂ ಬೇಡ, ಕಸದ ಬುಟ್ಟಿಗೆ ಹೋಗಬೇಕಾದದ್ದು ಅನ್ನಕ್ಕೆ ಕಲಸಲು ಬಂತು. ಮಗನಿಗೂ ಅದರ ರುಚಿ ಹತ್ತಿದೆ. ಮೊನ್ನೆ ಹೀರೇಕಾಯಿ ಕಿಲೋಗೆ 80 ರೂಪಾಯಿ ಎಂದರೂ, ಸಿಪ್ಪೆ ಸಾಲದೆಂದು ಎರಡು ಕಿಲೋ ತಂದುಬಿಟ್ಟ. ಅಷ್ಟೊಂದು ತಿರುಳನ್ನು ಏನು ಮಾಡುವುದೆಂದು ಅತ್ತೆ ಈಗ ಎದುರು ಮನೆಯವರನ್ನು ವಿಚಾರಿಸುತ್ತಿದ್ದಾರೆ.