ಮುಂದಾಳತ್ವ ನಿಮ್ಮದೇ

(ಅರಿಶಿನಕುಂಟೆ. ತುಮಕೂರು ರಸ್ತೆ ಮಗ್ಗುಲಿನ ತಗಡಿನ ಶೆಡ್ಡು. ವಿಶ್ವವಿದ್ಯಾಲಯದ ಪ್ರೊಫೆಸರ್, ಎದುರಿಗೆ, ಕೈಗಂಟಿದ ಸಿಮೆಂಟ್ ಕೆರೆಯುತ್ತಾ ಯಾದಗಿರಿ ಕಡೆಯ ಗಾರೆ ಮೇಸ್ತ್ರಿ.)

ಪ್ರೊಫೆಸರ್: ಇದು ಸಮುದಾಯವೇ ಮುನ್ನಡೆಸುವ ಸಂಶೋಧನೆ. ನಿಮ್ಮ ಸಂಘ ಸಮಾನ ಪಾಲುದಾರ.

ಮೇಸ್ತ್ರಿ: ರೊಕ್ಕ ಯಾರ ಖಾತೆಗೆ ಬರ್ತದ್ರಿ ಸರ?

ಪ್ರೊಫೆಸರ್: ನಮ್ಮದಕ್ಕೆ. ನಿಮ್ಮಲ್ಲಿ ಮೂರು ವರ್ಷದ ಆಡಿಟ್ ಇಲ್ಲವಲ್ಲ.

ಮೇಸ್ತ್ರಿ: ಮೂರು ವರ್ಷ ಒಂದೇ ಕಡೆ ಇದ್ದಿದ್ರ ನಮಗ ವಲಸಿಗರು ಅಂತಿದ್ರೇನ್ರಿ?

ಪ್ರೊಫೆಸರ್: (ಬರೆದುಕೊಳ್ಳುತ್ತಾ) ಆಹಾ, ಇದೇ ಡೇಟಾ!

ಮೇಸ್ತ್ರಿ: ನಮ್ದೊಂದು ಪ್ರಶ್ನೆ ಐತ್ರಿ. 1996ರಾಗ ಕಾಯ್ದೆ ಮಾಡಿ, ಕಟ್ಟಡದ ಖರ್ಚಿನ ಮ್ಯಾಲ ಶೇಕಡಾ 1 ಸೆಸ್ ಹಾಕಿದ್ರು, ನಮ್ಮ ಹೆಸರಿನ್ಯಾಗ. ಕಲ್ಯಾಣ ಮಂಡಳಿ ಕಾರ್ಡಿಗೆ 90 ದಿನ ದುಡಿದದ್ದಕ್ಕ ಸರ್ಟಿಫಿಕೇಟ್ ಬೇಕಂತ. ಗುತ್ತಿಗೆದಾರ ಫೋನೇ ಎತ್ತಂಗಿಲ್ಲ. ಅದನ್ನ ಸಂಶೋಧನೆ ಮಾಡೂಣು.

ಪ್ರೊಫೆಸರ್: ಒಳ್ಳೇ ಪ್ರಶ್ನೆ. ಆದರೆ ಪ್ರಶ್ನೆಗಳು ಆಗಲೇ ಮಂಜೂರಾಗಿವೆ. ನಮ್ಮ ವಿಷಯ: ನಗರದ ಬಗ್ಗೆ ವಲಸಿಗರ ಭಾವನೆಗಳು.

ಮೇಸ್ತ್ರಿ: 2020ರ ಮೇದಾಗ, ಲಾಕ್‌ಡೌನಿನ್ಯಾಗ, ಬಿಲ್ಡರ್‌ಗಳ ಜತಿ ಸಭೆ ಆಗಿ ಸರ್ಕಾರ ವಲಸಿಗರು ಊರಿಗೆ ಹೋಗೂ ರೈಲು ಬ್ಯಾಡ ಅಂದಿತ್ತಲ್ರಿ, ಆವಾಗಿನ ಭಾವನಿ ಹೇಳ್ಲೇನು?

ಪ್ರೊಫೆಸರ್: ಅಯ್ಯೋ, ಅದು ರಾಜಕೀಯ. ಮಂಗಳವಾರ ಕಾರ್ಯಾಗಾರ, ನೀವೇ ಉದ್ಘಾಟಕರು.

ಮೇಸ್ತ್ರಿ: ಕೂಲಿ ಹೊಕ್ಕೈತ್ರಿ.

ಪ್ರೊಫೆಸರ್: ಊಟ ಇದೆ. ಬಸ್ ಟಿಕೆಟ್ ತಂದರೆ ಹಣ ವಾಪಸ್.

ಮೇಸ್ತ್ರಿ: ಹಂಗಾರ ನನ್ನ ಹೆಂಡ್ತೀನ್ನ ಕಳಸ್ತೀನ್ರಿ, ಶಕ್ತಿ ಯೋಜನೆ ಐತಿ, ನಿಮಗ ಖರ್ಚಿಲ್ಲ.

ಪ್ರೊಫೆಸರ್: ಶೂನ್ಯ ಟಿಕೆಟ್ಟಿಗೆ ವೋಚರ್ ಆಗೋದಿಲ್ಲ ಕಣ್ರೀ!