ಕೆರೆಯೊಳಗಿನ ಜನಗಣತಿ

ಮುಂಗಾರು ಹಿಡಿಯಿತೆಂದರೆ ಹಾಸನ ಜಿಲ್ಲೆಯಲ್ಲಿ ಡೇರಿಗೆ ಹಾಲು ಹಾಕುವವರೂ ಟಿಎಂಸಿಯಲ್ಲೇ ಮಾತಾಡುತ್ತಾರೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದರೆ 2922 ಅಡಿ, ಹಿಡಿಯುವುದು 37 ಟಿಎಂಸಿ ಚಿಲ್ಲರೆ, ಇವತ್ತಿನ ಒಳಹರಿವು ಇಷ್ಟು, ನಾಲೆಗೆ ಬಿಟ್ಟದ್ದು ಇಷ್ಟು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಟೀ ಲೋಟ ಹಿಡಿದು ನಿಂತ ಯಾರನ್ನು ಕೇಳಿದರೂ ಬಾಯಿಪಾಠ. ಅಷ್ಟೊಂದು ನೀರಿನೊಳಗೆ ಮೀನು ಎಷ್ಟಿದೆ ಅಂತ ಕೇಳಿ ನೋಡಿ, ಟೀ ಲೋಟ ತಿರುಗಿಸುತ್ತಾ ನಿಲ್ಲುತ್ತಾರೆ. ಪೇಪರಿನಲ್ಲಿ ಅದಕ್ಕೆ ಕಾಲಂ ಇಲ್ಲ. ನೀರು ಸರ್ಕಾರದ್ದು, ಅಳತೆಗೋಲಿದೆ. ಮೀನು ಊರಿನದು, ಬಾಯಿಮಾತೇ ಅಳತೆ.

ನಮ್ಮ ಭಾವ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಹಳ್ಳಿಯವರು. ಊರ ಕೆರೆ ಭಾರಿಯದೇನಲ್ಲ. ಏರಿಯ ಈ ತುದಿಯಲ್ಲಿ ಹಚ್ಚಿದ ಬೀಡಿ ಆ ತುದಿ ಮುಟ್ಟಿದರೂ ಮುಗಿದಿರುವುದಿಲ್ಲ. ದೊಡ್ಡ ಕೆರೆಗಳ ಮೀನು ಮೀನುಗಾರಿಕೆ ಇಲಾಖೆಯ ಸುಪರ್ದಿಗೆ, ಇಂಥ ಸಣ್ಣವು ಗ್ರಾಮ ಪಂಚಾಯಿತಿಯ ಹರಾಜಿಗೆ. ಭಾವ ಅದುವರೆಗೂ ಆಲೂಗಡ್ಡೆ ಹಾಕಿ, ಅಂಗಮಾರಿ ರೋಗಕ್ಕೆ ಕೊಟ್ಟು, ಮತ್ತೆ ಹಾಕಿ, ಮತ್ತೆ ಕೊಟ್ಟು ಬೇಸತ್ತಿದ್ದರು. ಮೀನಿಗೆ ಎಲೆ ಇಲ್ಲ, ಆದ್ದರಿಂದ ಅಂಗಮಾರಿ ಬರುವ ಹಾಗಿಲ್ಲ ಎಂಬ ತರ್ಕದ ಮೇಲೆ ಅವರು ಹರಾಜಿನಲ್ಲಿ ಕೆರೆ ಹಿಡಿದರು.

ಅವತ್ತಿನಿಂದ ಊರಲ್ಲಿ ಯಾರೂ ಅವರಿಗೆ ಬೇರೆ ಕುಶಲ ಕೇಳಿದ್ದಿಲ್ಲ. ‘ಮೀನು ಎಷ್ಟವೆ?’ ಅದೊಂದೇ ಮಾತು. ಕೇಳಿದವರ ಮುಖ ನೋಡಿಕೊಂಡು ಭಾವನ ಉತ್ತರ ಹೊರಡುತ್ತಿತ್ತು. ಸಾಲ ಕೊಟ್ಟವರು ಕೇಳಿದರೆ, ‘ಕೆರೆ ತುಂಬಾ ಅವೇ ಸಾ, ನೀರಿಗೇ ಜಾಗ ಇಲ್ಲ.’ ಪಂಚಾಯಿತಿಯಿಂದ ಬಾಕಿ ವಸೂಲಿಗೆ ಬಂದವರು ಕೇಳಿದರೆ, ‘ಎಲ್ಲಿ ಸಾ, ನೀರುಕಾಗೆ ತಿಂದು ಮಿಕ್ಕಿದ್ದು ನಾಕಾರು.’ ಹುಡುಗರು ಗಾಳ ಹಿಡಿದು ಏರಿ ಹತ್ತಿದರೆ, ‘ಬರೀ ಏಡಿ ಕಣ್ರೋ, ಬೆರಳು ಕಚ್ಚುಸ್ಕೊಂಡೀರ.’ ಅತ್ತಿಗೆ ಕೇಳಿದಾಗ ಮಾತ್ರ ಭಾವ ಆಕಾಶ ನೋಡುತ್ತಿದ್ದರು. ಹರಾಜಿನ ಮುಂಗಡಕ್ಕೆ ಅಡವಿಟ್ಟದ್ದು ಅತ್ತಿಗೆಯ ಸರ.

ಕೆರೆಯಲ್ಲಿ ಮೀನಿನ ಬಗ್ಗೆ ಸತ್ಯ ನುಡಿಯುವುದು ನೀರುಕಾಗೆ ಒಂದೇ. ಮೀನಿದ್ದರೆ ಮುಳುಗುತ್ತದೆ, ಇಲ್ಲದಿದ್ದರೆ ಪಕ್ಕದೂರಿನ ಕೆರೆಗೆ ಹಾರುತ್ತದೆ. ಅದಕ್ಕೆ ಸಾಲವೂ ಇಲ್ಲ, ಬಾಕಿಯೂ ಇಲ್ಲ.

ಈಗ ಒಂದು ಗುಟ್ಟು. ನಮ್ಮ ಕೆರೆಯ ಮೀನು, ನಮ್ಮ ನೀರಿನ ರುಚಿ ಎಂದು ನಾವು ಎದೆ ತಟ್ಟಿಕೊಳ್ಳುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಸೀಮೆಯಿಂದ ಬಂದವು. ಸಾಲದ್ದಕ್ಕೆ ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಕಿಲೋ ತೂಕದ ಹೆಣ್ಣು ರೋಹುವಿನ ಹೊಟ್ಟೆಯಲ್ಲಿ ಎರಡು ಲಕ್ಷದ ಆಸುಪಾಸು ಮೊಟ್ಟೆ ಇರುತ್ತದೆ. ಆದರೆ ಹರಿಯುವ ಹೊಳೆ ಬೇಕು, ಮಳೆಯ ಹೊಸ ನೀರಿನ ಸೆಳೆತ ಬೇಕು, ಇಲ್ಲದಿದ್ದರೆ ಬಸುರು ಬಸುರಾಗಿಯೇ ಉಳಿಯುತ್ತದೆ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಬೇರೆ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಇವಕ್ಕೆ ಚುಚ್ಚಿ, ಹೊಳೆ ಬಂದಿದೆ ಎಂದು ನಂಬಿಸಿ, ಮೊಟ್ಟೆ ಇಡಿಸಿಬಿಟ್ಟರು. ಆ ದಿನವನ್ನೇ ದೇಶ ಇವತ್ತಿಗೂ ಮೀನು ಕೃಷಿಕರ ದಿನ ಎಂದು ಆಚರಿಸುತ್ತದೆ. ಹಾಗಾಗಿ ಕೆರೆಯಲ್ಲಿ ಈ ವರ್ಷ ಮೀನಿದೆಯೇ ಎಂದರೆ, ಹೋದ ವರ್ಷ ಮರಿ ಹೊತ್ತ ಟೆಂಪೋ ಬಂದಿತ್ತೇ ಎಂದು ಅರ್ಥ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಮರಿಗಳು ಬರುತ್ತವೆ. ಬಂದ ಕೂಡಲೆ ಬಿಚ್ಚುವಂತಿಲ್ಲ. ಚೀಲದ ನೀರೂ ಕೆರೆಯ ನೀರೂ ಒಂದೇ ಬಿಸುಪಿಗೆ ಬರಲೆಂದು ಕಟ್ಟಿದ ಚೀಲವನ್ನೇ ಸ್ವಲ್ಪ ಹೊತ್ತು ತೇಲಿಬಿಡಬೇಕು. ಆ ಬಿಡುವಿನಲ್ಲಿ ಅತ್ತಿಗೆ ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕಿ ಬಾಗಿನ ಬಿಟ್ಟರು. ಭಾವ ಚೀಲ ಎಣಿಸಿದರು. ಚೀಲದೊಳಗಿನ ಮರಿ ಎಣಿಸಿದವರು ಯಾರೂ ಇಲ್ಲ. ಸಾವಿರ ಎಂದರೆ ಸಾವಿರ.

ಒಳಗೆ ಇಳಿದ ಮೇಲೆ ಮೂರೂ ಜಾತಿ ಸಭ್ಯವಾಗಿ ಪಾಲು ಮಾಡಿಕೊಳ್ಳುತ್ತವೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಅಮೀನರಿಲ್ಲ, ಪೋಡಿ ಇಲ್ಲ, ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದಿಲ್ಲ. ನಮ್ಮ ಕಡೆ ಮೂರು ಗುಂಟೆ ಬದುವಿಗೆ ಮೂರು ತಲೆಮಾರು ಮಾತು ಬಿಟ್ಟವರನ್ನು ಏರಿ ಮೇಲೆ ಕರೆತಂದು ತೋರಿಸಬೇಕು ಅನ್ನಿಸುತ್ತದೆ.

ಕರೆಯದೆ ಬಂದ ನೆಂಟರ ಕತೆ ಬೇರೆ. ಜಿಲೇಬಿ ಮೀನು 1952ರಲ್ಲಿ ಈ ದೇಶಕ್ಕೆ ಕಾಲಿಟ್ಟಿತು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಟೆಂಪೋ ಬೇಡ, ಇಂಜೆಕ್ಷನ್ ಬೇಡ, ಬಾಗಿನವೂ ಬೇಡ. ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ ನಿಷೇಧಿಸಿ ವರ್ಷಗಳು ಕಳೆದವು. ಮೀನಿಗೆ ಆ ಆದೇಶದ ಪ್ರತಿ ತಲುಪಿದ ಹಾಗಿಲ್ಲ. ಇನ್ನು ನಮ್ಮದೇ ಕೊರವ. ಅದು ಭಾವನ ಮರಿಗಳನ್ನು ಉಪ್ಪಿನಕಾಯಿಯಿಲ್ಲದೆ ತಿನ್ನುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಅದರ ಮುಂದಿನ ಬೇಸಿಗೆಯಲ್ಲಿ ಹುಡುಗರು ಕೆರೆಯಂಗಳದಲ್ಲಿ ವಿಕೆಟ್ ನೆಟ್ಟರು. ಮಳೆ ಬಂದು ನೀರು ನಿಂತದ್ದೇ ತಡ, ಕೊರವ ಹಾಜರು. ಮೋಡದಿಂದ ಉದುರಿದವು ಎಂದು ಊರು ನಂಬಿತು. ಅವು ಗಾಳಿಯನ್ನೇ ನೇರ ಉಸಿರಾಡಬಲ್ಲವು, ಹಸಿ ಕೆಸರಿನೊಳಗೆ ಹುದುಗಿಕೊಂಡು ಬೇಸಿಗೆ ಕಳೆಯಬಲ್ಲವು. ಹುಡುಗರು ಸಿಕ್ಸರ್ ಹೊಡೆಯುತ್ತಿದ್ದಾಗ ಪಿಚ್ಚಿನ ಕೆಳಗೆ ಮಲಗಿದ್ದವೋ ಏನೋ.

ಮೀನು ಕಂಡರೆ ಸಂತೋಷ ಪಡಬೇಕೋ ಬೇಡವೋ ಎಂಬುದೂ ತಿಳಿಯುವುದಿಲ್ಲ. ಒಂದು ಬೆಳಗಿನ ಜಾವ ಭಾವ ಫೋನು ಮಾಡಿದರು. ‘ಬೇಗ ಬಾ. ಕೆರೆ ತುಂಬಾ ಬಾಯಿಗಳೇ. ನಮ್ಮ ಸಾಲ ತೀರ್ತು.’ ಹಾಸನದಿಂದ ಮೊದಲ ಬಸ್ಸಿಗೆ ಹೋದೆ. ನಿಜ, ಹಸಿರುಗಟ್ಟಿದ ನೀರಿನ ಮೇಲೆ ನೂರಾರು ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವ ಭಾವನ ಮಗಳು ಹಲ್ಲುಜ್ಜುತ್ತಾ ಬಂದು ನೋಡಿ, ಬಾಯಲ್ಲಿದ್ದ ನೊರೆ ಉಗಿದು ಚೀರಿದಳು. ‘ಅಪ್ಪಾ, ಅವು ನಿನ್ನ ನೋಡೋಕೆ ಬಂದಿಲ್ಲ, ಉಸಿರಿಗೆ ಬಂದಿವೆ!’ ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಹೀರುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಆಮೇಲೆ ನಾವೆಲ್ಲ ಪಂಚೆ ಎತ್ತಿ ಕಟ್ಟಿ ಕೆರೆಗಿಳಿದು ಕೋಲಿನಿಂದ ನೀರು ಬಡಿದದ್ದೇನು, ಪಕ್ಕದ ತೋಟದ ಪಂಪಿನಿಂದ ನೀರು ಹಾರಿಸಿದ್ದೇನು! ದಾರಿಹೋಕರು ಯಾರೋ ಕೆರೆಗೆ ಬಿದ್ದಿದ್ದಾರೆಂದು ಆಂಬುಲೆನ್ಸಿಗೆ ಫೋನು ಮಾಡಿದ್ದರು. ಅದೂ ಬಂತು. ಬಂದವರು ಮೀನು ಕೆಜಿ ಎಷ್ಟು ಎಂದು ಕೇಳಿಕೊಂಡು ಹೋದರು.

ಗಾಳ ಹಾಕಿ ಅಂದಾಜು ಮಾಡುವುದೆಂದರೆ ಅದು ಮೀನಿನ ಲೆಕ್ಕವಲ್ಲ, ತಾಳ್ಮೆಯ ಲೆಕ್ಕ. ನಾನು ಆ ಕಲೆಯವನು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. 12ನೇ ಶತಮಾನದಲ್ಲಿ ಒಬ್ಬ ಚಕ್ರವರ್ತಿ ಮೂವತ್ತೈದು ಬಗೆಯ ಮೀನು, ಅವುಗಳ ಮೇವು, ಗಾಳ ಹಾಕುವ ಬಗೆ ಎಂದೆಲ್ಲ ವಿವರಿಸಿದ್ದಾನೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು, ಸಾಮ್ರಾಜ್ಯಕ್ಕಾಗಿ ಅಲ್ಲ. ಗಾಳ ಹಿಡಿದು ಕೂತ ಅರಸನನ್ನು ‘ಏನಾದ್ರೂ ಸಿಕ್ತಾ ಪ್ರಭು?’ ಎಂದು ಕೇಳುವ ಧೈರ್ಯ ಯಾರಿಗಿದ್ದೀತು! ಏರಿ ಮೇಲೆ ಕೂತ ನನ್ನನ್ನು, ಮೇಯಲು ಹೋಗುವ ಹಸುಗಳನ್ನು ಬಿಟ್ಟರೆ, ಹಾದುಹೋಗುವವರೆಲ್ಲ ಕೇಳುತ್ತಾರೆ. ಇಲ್ಲಿಯ ಮೀನುಗಳು ಎರೆಹುಳುವಿಗೆ ಬಿಗುಮಾನ ತೋರಿದರೂ ರಾಗಿಹಿಟ್ಟಿನ ಉಂಡೆಗೆ ಬಾಯಿ ಹಾಕುತ್ತವೆ. ಗಂಗೆಯಿಂದ ಬಂದವಕ್ಕೂ ಹೊಳೆನರಸೀಪುರದ ನೀರು ಕುಡಿದ ಮೇಲೆ ಮುದ್ದೆಯೇ ಸರಿ.

ಲೆಕ್ಕ ಹಾಕದೆ ಕಣ್ಣಾರೆ ಮೀನು ನೋಡಬೇಕೆಂದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಬೇಕು. ದೇವಸ್ಥಾನದ ಸೋಪಾನದ ಬುಡದಲ್ಲಿ ಕಾವೇರಿ, ಕಾವೇರಿಯಲ್ಲಿ ತೊಡೆಗಾತ್ರದ ಮಹಶೀರ್‌ಗಳು. ದೇವರ ಮೀನು, ಹಿಡಿಯುವಂತಿಲ್ಲ. ಕಡ್ಲೆಪುರಿ ಎರಚಿದರೆ ಕಾಲ ಬುಡಕ್ಕೇ ಬಂದು ಜಗಳವಾಡುತ್ತವೆ. ಕಾವೇರಿಯದೇ ಆದ ಡುಬ್ಬದ ಮಹಶೀರ್ 2018ರಲ್ಲಿ ಜಗತ್ತಿನ ಅತಿ ಅಪಾಯದ ಪಟ್ಟಿಗೆ ಸೇರಿದ್ದನ್ನು ಓದಿದ ಮೇಲೆ ಇಂಥ ಮತ್ಸ್ಯಧಾಮಗಳಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಭಾವ ಮಾತ್ರ ಅಲ್ಲಿ ಒದ್ದಾಡಿಹೋಗುತ್ತಾರೆ. ಕೈಗೆ ಕಡ್ಲೆಪುರಿ, ಬಾಯಿಗೆ ‘ರಾಮೇಶ್ವರಾ’, ಕಣ್ಣಿಗೆ ತಕ್ಕಡಿ. ‘ಅದು ಏಳು ಕೆಜಿ. ಇದು ಐದೂವರೆ. ಅಗಾ, ಅದ ನೋಡು, ಅದು...’ ಎನ್ನುವಷ್ಟರಲ್ಲಿ ಅತ್ತಿಗೆ ಗಲ್ಲ ಬಡಿದುಕೊಂಡು ಅವರನ್ನು ಎಳೆದೊಯ್ಯುತ್ತಾರೆ. ಚನ್ನರಾಯಪಟ್ಟಣದ ಕಡೆ ಹೋದಾಗ ಶ್ರವಣಬೆಳಗೊಳದ ಕಲ್ಯಾಣಿಯ ಹತ್ತಿರವಂತೂ ಭಾವನನ್ನು ಬಿಡುವುದೇ ಇಲ್ಲ. ಹಿಡಿಯಬಾರದ ಕಡೆ ಮೀನು ಎದ್ದು ಕಾಣುತ್ತದೆ, ಹಿಡಿಯಬಹುದಾದ ಕಡೆ ಕಾಣುವುದೇ ಇಲ್ಲ. ಇದರಲ್ಲಿ ಯಾರದ್ದೋ ಕೈವಾಡವಿದೆ ಎಂಬುದು ಅವರ ಗುಮಾನಿ.

ಕೊನೆಗೆ ಮಗಳೇ ತೀರ್ಮಾನಿಸಿದಳು. ‘ಮೀನು ಎಣಿಸೋಕೆ ಒಂದು ವಿಧಾನ ಇದೆ ಅಪ್ಪ.’ 1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಎಂಬಾತ ಹಾಕಿಕೊಟ್ಟ ದಾರಿ. ಐವತ್ತು ಮೀನು ಹಿಡಿದು, ಗುರುತು ಮಾಡಿ, ಮತ್ತೆ ನೀರಿಗೆ ಬಿಡಬೇಕು. ಎಲ್ಲದರ ಜತೆ ಬೆರೆಯಲು ಕೆಲವು ದಿನ ಬಿಡುವು ಕೊಡಬೇಕು. ಆಮೇಲೆ ನೂರು ಹಿಡಿಯಬೇಕು. ಅದರಲ್ಲಿ ಐದಕ್ಕೆ ಗುರುತಿದ್ದರೆ ಐವತ್ತನ್ನು ನೂರರಿಂದ ಗುಣಿಸಿ ಐದರಿಂದ ಭಾಗಿಸು. ಕೆರೆಯಲ್ಲಿ ಸಾವಿರ ಮೀನು.

ಭಾವನಿಗೆ ವಿಧಾನ ಹಿಡಿಸಿತು, ‘ಮತ್ತೆ ನೀರಿಗೆ ಬಿಡಬೇಕು’ ಎಂಬ ಭಾಗ ಬಿಟ್ಟು. ಗುರುತಿಗೆ ಏನು ಹಾಕುವುದೆಂಬ ಚರ್ಚೆ ಏರಿ ಮೇಲೆಯೇ ನಡೆಯಿತು. ಚುನಾವಣೆಯ ಶಾಯಿ ಹಾಕಿ ಎಂದರು ಒಬ್ಬರು. 1962ರಿಂದ ದೇಶಕ್ಕೆಲ್ಲ ಅದನ್ನು ಕೊಡುವುದು ನಮ್ಮ ಮೈಸೂರಿನ ಕಾರ್ಖಾನೆಯೇ, ಹತ್ತಿರವೂ ಹೌದು. ಶಾಯಿ ಹಾಕಿಸಿಕೊಂಡ ಮೇಲೆ ಮೀನು ದುಡ್ಡು ಕೇಳಿದರೆ ಏನು ಮಾಡ್ತೀರಿ ಎಂದರು ಇನ್ನೊಬ್ಬರು. ಹೊಳೆನರಸೀಪುರ ತಾಲ್ಲೂಕಿನಲ್ಲಿ ಯಾವ ಮಾತೂ ಎರಡು ನಿಮಿಷಕ್ಕಿಂತ ಹೆಚ್ಚು ಕಾಲ ರಾಜಕೀಯದಿಂದ ದೂರ ಉಳಿಯುವುದಿಲ್ಲ. ಕಡೆಗೆ ಹುಡುಗಿ ಈಜುರೆಕ್ಕೆಯ ತುದಿಯನ್ನು ಕತ್ತರಿಯಿಂದ ಚೂರು ಕತ್ತರಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಒಂದೊಂದನ್ನೇ ಬಿಟ್ಟಳು.

ಇದನ್ನೆಲ್ಲ ತೂಬಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು ಊರಿಗೆಲ್ಲ ತಾತನಾದ ಒಬ್ಬ ಹಿರಿಯರು. ಮೊದಲ ಮಳೆಗೆ ಕೋಡಿ ಬಿದ್ದು ಹೊಸ ನೀರಿಗೆ ಮೀನು ಹತ್ತುವಾಗ ಯಾವ ಸಂದಿಗೆ ಕೂಳಿ ಒಡ್ಡಬೇಕೆಂದು ಕಣ್ಣು ಮುಚ್ಚಿ ಹೇಳಬಲ್ಲವರು. ಅವರು ಏನೂ ಮಾತಾಡಲಿಲ್ಲ. ಎಲೆಅಡಿಕೆ ಜಗಿಯುತ್ತಿದ್ದರು.

ಎರಡನೇ ಸಲ ಬಲೆ ಎಳೆದಾಗ ಒಳ್ಳೆಯ ಮೀನೇ ಬಂತು. ಹುಡುಗಿ ಒಂದೊಂದನ್ನೂ ತಿರುಗಿಸಿ ನೋಡಿದಳು. ರೆಕ್ಕೆ ಕತ್ತರಿಸಿದ್ದು ಒಂದೂ ಇಲ್ಲ! ಗುರುತಿನ ಮೀನೆಲ್ಲ ಎಲ್ಲಿ ಹೋದವು ಎಂಬುದು ಆಮೇಲೆ ನಿಧಾನವಾಗಿ ಹೊರಬಿತ್ತು. ರಾತ್ರಿ ಹೊತ್ತು ಊರಿನ ಗಾಳಗಳು ದುಡಿದಿದ್ದವು. ಕತ್ತರಿ ನೋಡಿ ಬೆದರಿದ ಮೀನು ದಡದಲ್ಲೇ ಮಂಕಾಗಿ ನಿಂತಿತ್ತಂತೆ, ಹಿಡಿಯಲು ಸಲೀಸು. ‘ರೆಕ್ಕೆ ಮೊಂಡಾದ್ರೆ ಸಾರಿನ ರುಚಿ ಕೆಡಾಕಿಲ್ಲ ಬುಡು ಮಗ’ ಎಂದು ಒಬ್ಬಾಕೆ ಹುಡುಗಿಗೆ ಸಮಾಧಾನವನ್ನೂ ಹೇಳಿದಳು.

‘ಲೆಕ್ಕ ಎಷ್ಟು ಬಂತು?’ ಭಾವ ಕೇಳಿದರು.

‘ಸೊನ್ನೆಯಿಂದ ಭಾಗಿಸೋಕೆ ಆಗಲ್ಲ ಅಪ್ಪ. ಸೂತ್ರದ ಪ್ರಕಾರ ಅನಂತ.’

‘ಅನಂತ ಅಂದ್ರೆ?’

‘ಮುಗಿಯೋದೇ ಇಲ್ಲ ಅಂತ.’

ಭಾವ ಒಂದು ಗಳಿಗೆ ಸುಮ್ಮನಿದ್ದು, ‘ಅದನ್ನ ಒಂದು ಹಾಳೇಲಿ ಬರೆದು ಸೈನ್ ಹಾಕ್ಕೊಡವ್ವ, ಸಾಲ ಕೊಟ್ಟೋರಿಗೆ ತೋರಿಸ್ಬೇಕು’ ಎಂದರು. ಮತ್ತೆ ಯೋಚಿಸಿ, ‘ಇನ್ನೊಂದು ಹಾಳೇಲಿ ಆ ಸೊನ್ನೆ ಮಾತ್ರ ಬರ್ಕೊಡು, ಪಂಚಾಯಿತಿಗೆ’ ಎಂದರು.

ಮಾರನೆಯ ವಾರ ಕೆರೆಯ ಮೀನು ಹಿಡಿಸಿದರು. ತೆಪ್ಪದ ಮೇಲೆ ಬಲೆಯವರು, ಏರಿ ಮೇಲೆ ಊರು. ಹಾಸನದಿಂದ, ಅರಕಲಗೂಡಿನಿಂದ ಬೈಕುಗಳು, ಚೀಲಗಳು. ತಕ್ಕಡಿಯ ಹತ್ತಿರ ಅತ್ತಿಗೆ ಖುದ್ದಾಗಿ ಕೂತಿದ್ದರು, ಸರದ ವಿಷಯ ಇತ್ತಲ್ಲ. ತಾತ ಸಾಲು ಗೀಲು ನೋಡದೆ ನೇರ ಬಂದು, ಹೊಳೆಯುವ ಎರಡು ಕಾಟ್ಲಾ ಎತ್ತಿ ತೂಗಿಸಿ, ಟವೆಲಿಗೆ ಸುತ್ತಿಕೊಂಡರು. ಭಾವ ದುಡ್ಡಿಗೆ ಕೈ ಚಾಚಿದರು.

ತಾತ ಹುಡುಗಿಯ ಕಡೆ ತಿರುಗಿದರು. ‘ಯಾಕವ್ವ, ಕೆರೇಲಿ ಮೀನು ಅದೇನೋ ಅನಂತ ಅಂದ್ಯಲ್ಲ. ಅದ್ರಾಗೆ ಎಲ್ಡು ಕಳೆದ್ರೆ ಎಷ್ಟು ಉಳೀತವೆ?’

‘ಅನಂತನೇ ತಾತ.’

‘ಹೆಂಗಾದ್ರೂ ಕಮ್ಮಿ ಆಗಾಕಿಲ್ಲ?’

‘ಇಲ್ಲ ತಾತ.’

ತಾತ ಭಾವನ ಚಾಚಿದ ಕೈಯನ್ನು ಮೆಲ್ಲಗೆ ಮಡಿಸಿದರು. ‘ಕೇಳಿಸ್ಕೊಂಡ್ಯಾ? ಕಮ್ಮಿನೇ ಆಗದ್ ಮೀನಿಗೆ ದುಡ್ಡು ಯಾಕ್ಲಾ ಕೇಳ್ತೀಯ?’